ಹಸಿರು ಸೀರೆಯ ಜಾಯಿಂಟ್ ಫೋಟೋ

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಹಿಂದಿನ ಗಲ್ಲಿಯಲ್ಲಿ ನಿವೃತ್ತ ಹವಾಲ್ದಾರ್ ಚಲುವಯ್ಯನ ಮನೆ ಯಾರನ್ನು ಕೇಳಿದರೂ ತೋರಿಸುತ್ತಾರೆ. ಎಪ್ಪತ್ತನಾಲ್ಕು ವರ್ಷವಾದರೂ ಬೆಳಗ್ಗೆ ಐದಕ್ಕೆ ಎದ್ದು ಬಾಗಿಲ ಮುಂದೆ ತಾನೇ ಗುಡಿಸುತ್ತಾನೆ. ತರಕಾರಿ ಗಾಡಿಯವರು ಗಲ್ಲಿಗೆ ಅಡ್ಡ ನಿಲ್ಲಿಸಿದರೆ ಪರೇಡ್ ಮೈದಾನದ ದನಿ ತೆಗೆದು ಗದರುತ್ತಾನೆ. ಆಗಸ್ಟ್ ಹದಿನೈದಕ್ಕೆ ಬೀದಿಯ ಬಾವುಟ ಹಾರಿಸುವ ಹಕ್ಕು ಅವನದೇ. ಬೀದಿಯವರ ಬಾಯಲ್ಲಿ ಅವನು ಮಿಲಿಟ್ರಿ ತಾತ. ಹಾಲಿನವನು ಒಮ್ಮೆ ಮರೆತು ಬರೀ ತಾತ ಎಂದದ್ದಕ್ಕೆ ಎರಡು ದಿನ ಮುಖ ಗಂಟಿಕ್ಕಿಕೊಂಡು ಕೂತಿದ್ದನೆಂದರೆ, ಆ ಬಿರುದಿನ ಮೇಲೆ ಅವನಿಗಿದ್ದ ಆಸೆ ಎಷ್ಟೆಂದು ನೀವೇ ಲೆಕ್ಕ ಹಾಕಿಕೊಳ್ಳಿ.

ಇಂಥ ಮನುಷ್ಯ ಮೂವತ್ತೊಂದು ವರ್ಷದಿಂದ ಒಂದು ಫೋಟೋಗೆ ಹೆದರಿಕೊಂಡು ಬದುಕುತ್ತಿದ್ದ ಎಂದರೆ ಯಾರೂ ನಂಬಲಾರರು. ಫೋಟೋ ಇದ್ದದ್ದು ಸೈನ್ಯದಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಪುಸ್ತಕದ ಒಳಗೆ, ಪಿಂಚಣಿ ಕಾಗದಗಳ ಜೊತೆ. ಪುಸ್ತಕ ಖಾಕಿ ಬಟ್ಟೆಯಲ್ಲಿ, ಬಟ್ಟೆಯ ಗಂಟು ಕಬ್ಬಿಣದ ಟ್ರಂಕಿನಲ್ಲಿ, ಟ್ರಂಕಿನ ಬೀಗದ ಕೈ ಅವನ ಉಡಿದಾರದಲ್ಲಿ. "ಸರ್ಕಾರಿ ಕಾಗದ, ಯಾರೂ ಮುಟ್ಟಂಗಿಲ್ಲ" ಎಂದು ಹೆಂಡತಿ ಮುನಿಲಕ್ಷ್ಮಮ್ಮನಿಗೆ ಮೊದಲೇ ಹೇಳಿಬಿಟ್ಟಿದ್ದ. ಗಂಡನ ಜಂಭ ಇದು ಎಂದುಕೊಂಡು ಅವಳು ಆ ಟ್ರಂಕಿನ ಧೂಳನ್ನಷ್ಟೇ ಒರೆಸುತ್ತಾ ಬಂದಿದ್ದಳು. ಜಂಭವಲ್ಲ, ಅದು ನಾಚಿಕೆ. ನಾಚಿಕೆಗೂ ಬೀಗ ಹಾಕಿ ಅದರ ಮೇಲೆ ಗತ್ತಿನಿಂದ ಕೂರುವ ಗಂಡಸರು ನಮ್ಮಲ್ಲಿ ಒಬ್ಬರೇ ಇಬ್ಬರೇ?

ಸೈನ್ಯದಿಂದ ನಿವೃತ್ತನಾಗುವವನು ಹೆಂಡತಿಯ ಜೊತೆ ಕೂತು ತೆಗೆಸಿದ ಫೋಟೋ ಕೊಡಬೇಕು. ಅದಕ್ಕೆ ಜಾಯಿಂಟ್ ಫೋಟೋ ಎನ್ನುತ್ತಾರೆ. ನಾಳೆ ಅವನು ಕಣ್ಣು ಮುಚ್ಚಿದರೆ ಕುಟುಂಬ ಪಿಂಚಣಿ ಯಾರಿಗೆ ಸಲ್ಲಬೇಕು ಎಂಬುದಕ್ಕೆ ಆ ಮುಖವೇ ಸಾಕ್ಷಿ. ಚಲುವಯ್ಯನ ಜಾಯಿಂಟ್ ಫೋಟೋದಲ್ಲಿ ಅವನ ಪಕ್ಕ ಕೂತವಳು ಮುನಿಲಕ್ಷ್ಮಮ್ಮ ಅಲ್ಲ. ಅವಳ ತಂಗಿ ಆಂಜನಮ್ಮ.

ಅದು ತೊಂಬತ್ತಮೂರನೇ ಇಸವಿಯ ಮಾತು. ಅವರ ಸಂಸಾರ ಆಗ ಗರುಡಾಚಾರ್‌ಪಾಳ್ಯದಲ್ಲಿತ್ತು. ಚಲುವಯ್ಯ ಕೊನೆಯ ರಜೆಗೆ ಬಂದಿದ್ದ. ಹಿಂದಿರುಗುವಾಗ ಆರು ಪ್ರತಿ ಜಾಯಿಂಟ್ ಫೋಟೋ ತರಬೇಕೆಂದು ಯೂನಿಟ್ಟಿನಿಂದ ಕಾಗದ ಬಂತು. ಅದಕ್ಕೆ ಏಳು ವರ್ಷದ ಹಿಂದೆ ಮುನಿಲಕ್ಷ್ಮಮ್ಮನ ತುಟಿಯ ಅಂಚಿನಲ್ಲಿ ಒಂದು ಬಿಳಿ ಮಚ್ಚೆ ಕಾಣಿಸಿಕೊಂಡಿತ್ತು. ಆಮೇಲೆ ಕಣ್ಣಿನ ಸುತ್ತ ಬಂತು, ಬೆರಳ ತುದಿಗೆ ಬಂತು, ಬರಬರುತ್ತಾ ಅರ್ಧ ಮುಖವನ್ನೇ ಹಿಡಿಯಿತು. ನೋವಿಲ್ಲ, ಅಂಟುವುದಿಲ್ಲ, ಪ್ರಾಣಕ್ಕೇನೂ ಭಯವಿಲ್ಲ ಎಂದು ಡಾಕ್ಟರು ಹೇಳಿದ್ದರು. ಊರಿನವರು ಡಾಕ್ಟರ ಮಾತು ಕೇಳುವವರೇ? ತೊನ್ನು ಎಂದರು, ಅರಿಶಿನ ಕುಂಕುಮಕ್ಕೆ ಕರೆಯುವುದನ್ನು ಬಿಟ್ಟರು.

ಚಲುವಯ್ಯ ಹೆಂಡತಿಯನ್ನು ಬಿಡಲಿಲ್ಲ, ಆ ಮಟ್ಟಿಗೆ ಒಳ್ಳೆಯವನೇ. ಆಡಿಕೊಂಡವರ ಜೊತೆ ಜಗಳಕ್ಕೂ ನಿಂತಿದ್ದ. ಆದರೆ ಯೂನಿಟ್ಟಿನಲ್ಲಿ ಅವನ ಪರ್ಸಿನಲ್ಲಿದ್ದದ್ದು ಮದುವೆಯ ದಿನದ ಫೋಟೋ. ಅದನ್ನು ಬ್ಯಾರಕ್ಕಿನ ನಲವತ್ತು ಜನಕ್ಕೂ ತೋರಿಸಿ, ನಮ್ಮನೆಯವಳಷ್ಟು ಲಕ್ಷಣವಾದವಳು ನಮ್ಮ ಸೀಮೆಯಲ್ಲೇ ಇಲ್ಲವೆಂದು ಕೊಚ್ಚಿಕೊಂಡಿದ್ದ. ಈಗ ಈ ಫೋಟೋ ಕಂಪನಿ ಗುಮಾಸ್ತನ ಮೇಜಿನ ಮೇಲೆ ಬೀಳುತ್ತದೆ, ಅಲ್ಲಿಂದ ಸುಬೇದಾರ್ ಸಾಹೇಬರ ಕೈಗೆ, ಆಮೇಲೆ ಕರ್ನಲ್ ಸಾಹೇಬರ ಸಹಿಗೆ. ಗುಂಡಿನ ಸದ್ದಿಗೆ ಜಗ್ಗದವನು ಗುಮಾಸ್ತನೊಬ್ಬ ಕಿಸಕ್ಕೆಂದು ನಕ್ಕುಬಿಟ್ಟರೆ ಎಂದು ಹೆದರಿದ.

ಹೆದರಿದವನ ಬುದ್ಧಿ ಬಹಳ ಚುರುಕಾಗಿ ಓಡುತ್ತದೆ. ಮುನಿಲಕ್ಷ್ಮಮ್ಮನಿಗೆ, "ಆಂಜಿ ಯಾವುದೋ ಮದುವೆಗೆ ಹೋಗ್ಬೇಕಂತೆ, ಇಲ್ಲಿಗೇ ಬರ್ತಾಳೆ, ನಿನ್ನ ಹಸಿರು ರೇಷ್ಮೆ ಸೀರೆ ಉಡಿಸು, ನಾನೂ ಆ ಕಡೆ ಹೋಗ್ತಿದೀನಿ, ಅವಳನ್ನ ಬಿಟ್ಟು ಬರ್ತೀನಿ" ಎಂದ. ಮದುವೆಯ ದಿನದ ಅಕ್ಕನನ್ನೇ ಹೋಲುತ್ತಿದ್ದ, ಕೆ.ಆರ್. ಪುರದಲ್ಲಿದ್ದ ನಾದಿನಿಗೆ, "ನಿಮ್ಮಕ್ಕನಿಗೆ ಗೊತ್ತು, ಅವಳೇ ಹೇಳಿ ಕಳಿಸಿದ್ದು. ಆದ್ರೆ ಅವಳ ಹತ್ರ ಈ ಮಾತು ಎತ್ತಬೇಡ, ನೊಂದ್ಕೋತಾಳೆ" ಎಂದ. ಇಬ್ಬರೂ ನಂಬಿದರು. ನಂಬದೆ ಏನು ಮಾಡಿಯಾರು? ಹೀಗೆ ಒಂದು ಬೆಳಗ್ಗೆ ಅವನು ಆಂಜನಮ್ಮನನ್ನು ಬಸ್ಸಿನಲ್ಲಿ ಶಿವಾಜಿನಗರಕ್ಕೆ ಕರೆದೊಯ್ದು ಸ್ಟುಡಿಯೋದ ಬೆಂಚಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡ. ಯೂನಿಟ್ಟಿಗೆ ಹಿಂದಿರುಗಿದಾಗ ಗುಮಾಸ್ತ ಫೋಟೋ ನೋಡಿ, ನೀನು ಹೇಳಿದ್ದು ಸುಳ್ಳಲ್ಲ ಬಿಡು ಎಂದ. ಆ ಮಾತು ಕೇಳಿ ಚಲುವಯ್ಯ ನಕ್ಕಿದ್ದ. ಆ ನಗೆ ನೆನಪಾದಾಗಲೆಲ್ಲ ಅವನಿಗೆ ಈಗಲೂ ಮೈ ಹಿಡಿಯಷ್ಟಾಗುತ್ತದೆ.

ವರ್ಷಗಳು ಕಳೆದವು. ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಹೋದ ಶಿವರಾತ್ರಿಯ ಹೊತ್ತಿಗೆ ಅವನ ಯೂನಿಟ್ಟಿನ ಗೆಳೆಯ ಈರಯ್ಯ ತೀರಿಕೊಂಡ. ಈರಯ್ಯನ ಹೆಂಡತಿ ಸಾಬಮ್ಮನ ಪಿಂಚಣಿ ಕೆಲಸಕ್ಕೆ ಚಲುವಯ್ಯನೇ ಮುಂದೆ ನಿಂತು ಓಡಾಡಿದ. ಅಧಿಕಾರಿಯೊಬ್ಬರು ಈರಯ್ಯನ ಹಳೆಯ ಜಾಯಿಂಟ್ ಫೋಟೋವನ್ನು ಸಾಬಮ್ಮನ ಕೆನ್ನೆಯ ಪಕ್ಕಕ್ಕೇ ಹಿಡಿದು, ಒಮ್ಮೆ ಇದನ್ನು, ಒಮ್ಮೆ ಅದನ್ನು ನೋಡಿದರು. ಹಣೆಯ ಗಾಯದ ಗುರುತು ನೋಡಿದರು, ಕಿವಿ ನೋಡಿದರು. ಆಮೇಲೆ ಸರಿ ಎಂದು ಸಹಿ ಹಾಕಿದರು. ಸಾಬಮ್ಮನ ಕೆಲಸವೇನೋ ಸಲೀಸಾಗಿ ಆಯಿತು. ಪಕ್ಕದಲ್ಲಿ ನಿಂತಿದ್ದ ಚಲುವಯ್ಯ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದಿದ್ದ.

ತಾನು ಸತ್ತ ಮೇಲೆ ಮುನಿಲಕ್ಷ್ಮಮ್ಮ ಹೀಗೇ ಹೋಗಿ ನಿಲ್ಲುತ್ತಾಳೆ. ಅವಳ ಕೆನ್ನೆಯ ಪಕ್ಕ ಅವಳ ತಂಗಿಯ ಮುಖ ಹಿಡಿಯುತ್ತಾರೆ. ನೀನು ಅವನ ಹೆಂಡತಿಯೇ ಅಲ್ಲ ಎನ್ನುತ್ತಾರೆ. ಅವನಿಗೆ ಆಗಲೇ ಎದೆಯಲ್ಲಿ ಎರಡು ಸ್ಟೆಂಟು ಹಾಕಿದ್ದರು. ಒಬ್ಬಳೇ ಮಗಳು ಬೃಂದಾ ಬೈಯಪ್ಪನಹಳ್ಳಿಯ ಬಾಡಿಗೆ ಮನೆಯಲ್ಲಿದ್ದಾಳೆ, ಅವಳ ಸಂಸಾರವೇ ಅವಳಿಗೆ ಹೆಚ್ಚು. ಪಿಂಚಣಿ ಕೈತಪ್ಪಿದರೆ ಮುನಿಲಕ್ಷ್ಮಮ್ಮನಿಗೆ ಬೇರೆ ದಿಕ್ಕಿಲ್ಲ. ಫೋಟೋ ಸರಿ ಮಾಡಿಸಬೇಕು. ಸರಿ ಮಾಡಿಸಬೇಕೆಂದರೆ ಅದು ಹೊರಗೆ ಬರಬೇಕು. ಒಂದು ವಾರ ಚಲುವಯ್ಯ ಊಟ ಬಿಟ್ಟ. ಶುಗರ್ ಇರಬೇಕು ಎಂದು ಹೆಂಡತಿ ಮೆಂತ್ಯದ ನೀರು ಕೊಟ್ಟಳು.

ಹಲಸೂರು ಕೆರೆಯ ಹತ್ತಿರ ನಿವೃತ್ತ ಸೈನಿಕರ ಸಣ್ಣ ಸಂಘವೊಂದಿದೆ. ಅಲ್ಲಿ ವಾರಕ್ಕೆರಡು ದಿನ ಭಗವಂತರಾಯ ಎಂಬುವರು ಕಾಗದಪತ್ರದ ಕೆಲಸಕ್ಕೆ ಸಹಾಯ ಮಾಡುತ್ತಾರೆ. ಕಲಬುರಗಿ ಕಡೆಯವರು, ಸೈನ್ಯದಲ್ಲಿ ಗುಮಾಸ್ತರಾಗಿ ಸುಬೇದಾರ್ ಹುದ್ದೆಯವರೆಗೆ ಹೋದವರು. ಚಲುವಯ್ಯ ಒಬ್ಬನೇ ಹೋಗಿ, ಪುಸ್ತಕವನ್ನು ಕಂಕುಳಲ್ಲೇ ಇಟ್ಟುಕೊಂಡು, ಫೋಟೋ ಹಳೆಯದಾಗಿ ಮಾಸಿದೆ, ಹೊಸದು ಸೇರಿಸಬೇಕು ಎಂದಷ್ಟೇ ಹೇಳಿದ.

"ಅದಕ್ಕೇನು, ಮಾಡೋಣಂತ. ಮೇಡಂ ಅವರ್ನ ಕರ್ಕೊಂಡು ಬರ್ರಿ. ಅವರಿಲ್ದ ಆಗಂಗಿಲ್ಲ" ಎಂದರು ಭಗವಂತರಾಯರು.

"ಅವಳಿಗೆ ಓಡಾಡೋಕಾಗಲ್ಲ ಸಾರ್."

"ಹಂಗಾದ್ರ ನಾನೇ ನಿಮ್ಮನಿಗೆ ಬರ್ತೀನಿ."

ಚಲುವಯ್ಯ ಹೌಹಾರಿ, ಬೇಡ ಬೇಡ, ಕರೆದುಕೊಂಡೇ ಬರುತ್ತೇನೆ ಎಂದ.

ಹೆಂಡತಿಗೆ ಮನೆಯಲ್ಲೇ ಹೇಳಿಬಿಡಬಹುದಿತ್ತು. ಮೂರು ದಿನ ಸಿಕ್ಕಿತ್ತು. ಅವಳು ಸೊಪ್ಪು ಬಿಡಿಸುವಾಗ ಎದುರಿಗೆ ಹೋಗಿ ಕೂತ, ಕೆಮ್ಮಿದ, ಎದ್ದು ಬಂದ. ಹೊರಡುವ ದಿನ ಅವಳು ಖುಷಿಯಲ್ಲಿದ್ದಳು. ಗಂಡನ ಮಿಲಿಟ್ರಿ ಕೆಲಸಕ್ಕೆ ಅವಳನ್ನು ಎಲ್ಲಿಗಾದರೂ ಕರೆದೊಯ್ಯುತ್ತಿರುವುದು ಇದೇ ಮೊದಲು. ಮುಖಕ್ಕೆ ಪೌಡರು ಹಚ್ಚಿ, ಒಳ್ಳೆಯ ಸೀರೆ ಉಟ್ಟು, "ಸಾಹೇಬ್ರ ಹತ್ರ ನಾನು ಏನಾದ್ರೂ ಮಾತಾಡ್ಬೇಕಾ?" ಎಂದು ಬಸ್ಸಿನಲ್ಲಿ ಎರಡು ಸಲ ಕೇಳಿದಳು. ಚಲುವಯ್ಯ ಕಿಟಕಿಯಾಚೆ ನೋಡುತ್ತಾ ಕೂತ.

ಭಗವಂತರಾಯರು ಎದ್ದು ನಿಂತು ಅವಳಿಗೆ ಕುರ್ಚಿ ಕೊಟ್ಟರು. ಕಾಗದಗಳನ್ನು ಒಂದೊಂದಾಗಿ ಬಿಡಿಸಿದರು. ಜಾಯಿಂಟ್ ಫೋಟೋ ಬಂದಾಗ ಕನ್ನಡಕ ಮೇಲೇರಿಸಿ, ಮುನಿಲಕ್ಷ್ಮಮ್ಮನನ್ನು ನೋಡಿ, ಮತ್ತೆ ಫೋಟೋ ನೋಡಿದರು.

"ಹವಾಲ್ದಾರ್ ಸಾಹೇಬ್ರ, ಇವರು ಯಾರ್ರಿ?"

ಮುನಿಲಕ್ಷ್ಮಮ್ಮ ನಗುತ್ತಲೇ, "ಎಲ್ಲಿ, ಕೊಡಿ ನೋಡಾಣ. ವಯಸ್ಸಾದ್ಮೇಲೆ ಗುರುತು ಸಿಗಲ್ಲ ಅಲ್ವ್ರಾ" ಎಂದು ಕೈ ನೀಡಿದಳು. ಫೋಟೋವನ್ನು ದೂರ ಹಿಡಿದು ನೋಡಿದಳು. ನಗು ಹಾಗೇ ಇತ್ತು, ಸ್ವಲ್ಪ ಹೊತ್ತು ಹಾಗೇ ಇತ್ತು.

"ಇದು ನನ್ನ ಸೀರೆ" ಎಂದಳು.

ಫೋಟೋವನ್ನು ಬೆಳಕಿನ ಕಡೆ ತಿರುಗಿಸಿದಳು.

"ನಮ್ಮ ಆಂಜಿ. ತಲೆ ಬಾಚಿ ಹೂ ಮುಡಿಸ್ದೋಳು ನಾನೇ. ಕನಕಾಂಬರ. ಸೆರಗು ನಿಲ್ತಿಲ್ಲ ಅಂತ ಪಿನ್ನು ನಾನೇ ಹಾಕಿದ್ದೆ. ನೋಡಿ, ಇಲ್ಲಿ ಕಾಣ್ಸ್ತದೆ." ಬೆಳ್ಳಗಾದ ಬೆರಳ ತುದಿಯಿಂದ ಆ ಪಿನ್ನನ್ನು ಭಗವಂತರಾಯರಿಗೆ ತೋರಿಸಿದಳು. ಆಮೇಲೆ ಫೋಟೋವನ್ನು ಮೇಜಿನ ಮೇಲೆ ಮಗುಚಿ ಇಟ್ಟು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಳು. ಗಂಡನ ಕಡೆ ತಿರುಗಲಿಲ್ಲ. ತಿರುಗಿ ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಭಗವಂತರಾಯರು ಅನುಭವಸ್ಥರು. ಏನೂ ಕೇಳದೆ ಕೆಲಸದ ಮಾತಿಗೆ ಬಂದರು. ಹೊಸ ಜಾಯಿಂಟ್ ಫೋಟೋ ಬೇಕು, ಮದುವೆಯ ದಾಖಲೆ ಬೇಕು, ಜೊತೆಗೆ ಹಳೆಯ ಫೋಟೋ ಯಾಕೆ ತಪ್ಪಾಯಿತು ಎಂದು ವಿವರಿಸುವ ಅಫಿಡವಿಟ್ಟೂ ಬೇಕು, ಅದಕ್ಕೆ ಇಬ್ಬರೂ ಸಹಿ ಮಾಡಬೇಕು. ತಾವೇ ಒಂದು ಕರಡು ಬರೆದುಕೊಟ್ಟು, "ಮೇಡಂ ಅವರಿಗೆ ಹೇಳ್ದ ಬೇರೆಯವರನ್ನ ಕೂಡಿಸಿದ್ದೆ ಅಂತ ನೀವಾಗೇ ಬರದ್ರ ಅವರು ಪ್ರಶ್ನೆ ಕೇಳ್ತಾರ. ಕೆಲಸ ಉದ್ದ ಆಗ್ತದ. ಇದು ಸುರಳೀತ ಅದ" ಎಂದರು. ಚಲುವಯ್ಯ ಆ ಕಾಗದವನ್ನು ನಾಲ್ಕು ಮಡಿಕೆ ಮಡಿಸಿ ಜೇಬಿಗಿಟ್ಟುಕೊಂಡ.

ಅಂದು ಸಂಜೆ ದೀಪ ಹಚ್ಚಿದ ಮೇಲೆ ಮುನಿಲಕ್ಷ್ಮಮ್ಮ ನಡುಮನೆಯಲ್ಲಿ ಕೂತು ತಂಗಿಗೆ ಫೋನು ಮಾಡಿದಳು. ಕಿವಿ ಸ್ವಲ್ಪ ಮಂದವಾದ್ದರಿಂದ ಅವಳದು ಯಾವಾಗಲೂ ಸ್ಪೀಕರ್. ಚಲುವಯ್ಯ ಒಳಗಿನ ಕೋಣೆಯಲ್ಲಿ ಮಂಚದ ಅಂಚಿಗೆ ಕೂತು ಎಲ್ಲವನ್ನೂ ಕೇಳಿಸಿಕೊಂಡ.

"ಆಂಜಿ, ಅವತ್ತು ನನ್ನ ಹಸಿರು ಸೀರೆ ಉಟ್ಕೊಂಡು ಎಲ್ಲಿಗೆ ಹೋಗಿದ್ದೆ?"

"ಶಿವಾಜಿನಗರಕ್ಕೆ ಅಕ್ಕಾ. ಫೋಟೋಗೆ. ನಿಂಗೆ ಗೊತ್ತಲ್ಲ."

"ಗೊತ್ತು ಅಂತ ಯಾರು ಹೇಳಿದ್ದು?"

"ಭಾವ ಹೇಳಿದ್ರು. ನೀನೇ ಕಳ್ಸಿದೀಯ ಅಂದ್ರು. ಆ ಮಾತು ಎತ್ತಬೇಡ ಅಂತಾನೂ ಅಂದ್ರು." ಆಂಜನಮ್ಮ ಮುಂದುವರಿಸಿದಳು. "ನೀನು ಸೀರೆ ಉಡ್ಸಿ, ಹೂ ಮುಡ್ಸಿ ಕಳ್ಸ್ದಲ್ಲಕ್ಕ. ನಮ್ಮಕ್ಕನ ಮನಸ್ಸು ಎಷ್ಟು ದೊಡ್ಡದು ಅಂದ್ಕೊಂಡಿದ್ದೆ. ಆಮೇಲೆ ನಿನ್ನ ಮುಖ ನೋಡೋಕೇ ನಂಗೆ ಆಗ್ತಿರ್ಲಿಲ್ಲ. ಅದಕ್ಕೇ ನಿಮ್ಮನೆಗೆ ಬರೋದು ಕಮ್ಮಿ ಮಾಡ್ದೆ."

"ಅಯ್ಯೋ. ನನ್ನ ಮುಖಕ್ಕೆ ಅಸಹ್ಯಪಟ್ಕೊಂಡು ಬರ್ತಿಲ್ಲ ಅಂದ್ಕೊಂಡಿದ್ನಲ್ಲೇ" ಎಂದಳು ಮುನಿಲಕ್ಷ್ಮಮ್ಮ.

ಆಮೇಲೆ ಅಕ್ಕ ತಂಗಿ ಇಬ್ಬರೂ ಅತ್ತರು. ಚಲುವಯ್ಯ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಒಂದು ಫೋಟೋದ ತಪ್ಪು ಮಾಡಿದ್ದೇನೆ ಎಂದುಕೊಂಡಿದ್ದ. ಮೂವತ್ತೊಂದು ವರ್ಷ ಒಡಹುಟ್ಟಿದವರನ್ನು ಒಬ್ಬರಿಂದೊಬ್ಬರು ಮುಖ ತಿರುಗಿಸುವ ಹಾಗೆ ಮಾಡಿದ್ದು ತಾನೇ ಎಂದು ಅವನಿಗೆ ಇಂದೇ ಗೊತ್ತಾದದ್ದು. ನಾಚಿಕೆಯಿಂದ ಸತ್ತೇ ಹೋಗಬೇಕು ಅನ್ನಿಸಿತು. ಆದರೆ ಈಗ ಸಾಯುವಂತೆಯೂ ಇರಲಿಲ್ಲ, ಕಾಗದ ಸರಿಯಾಗುವವರೆಗಾದರೂ ಬದುಕಿರಬೇಕಿತ್ತು.

ಮಾರನೆಯ ದಿನ ಅವಳು ಎಂದಿನಂತೆ ಮುದ್ದೆ ಮಾಡಿ ಬಡಿಸಿದಳು. ಸಾರು ಎಂದಿನಂತೆಯೇ ಇತ್ತು. ಮಾತು ಮಾತ್ರ ಇರಲಿಲ್ಲ. ಮೂರನೆಯ ದಿನ ಕೈ ತೊಳೆಯುವಾಗ ಅವನು, "ಮುನಿಲಕ್ಷ್ಮಿ, ನನ್ನಿಂದ ತಪ್ಪಾಯ್ತು" ಎಂದ.

"ಆ ಫೋಟೋ ತೆಗ್ಸಿದ ಅಂಗಡಿ ಯಾವ್ದು?" ಎಂದು ಕೇಳಿದಳು ಅವಳು.

"ಶಿವಾಜಿನಗರದಲ್ಲಿ. ರಸೆಲ್ ಮಾರ್ಕೆಟ್ ಹಿಂದೆ, ಅಹ್ಮದ್ ಪಾಷಾ ಅಂತ. ಇದ್ಯೋ ಇಲ್ವೋ."

"ಇದ್ರೆ ಅಲ್ಲೇ ತೆಗ್ಸಾಣ" ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮೊದಲು ಅಫಿಡವಿಟ್. ಶಿವಾಜಿನಗರದ ಬಸ್ ನಿಲ್ದಾಣದ ಆಚೆ ನೋಟರಿಗಳ ಬೋರ್ಡು ತೂಗುಹಾಕಿದ ಸಾಲು ಅಂಗಡಿಗಳಿವೆ. ಒಂದು ಅಂಗಡಿಯಲ್ಲಿ ಗೌತಮಿ ಎಂಬ ಹುಡುಗಿ ಕಂಪ್ಯೂಟರಿನಲ್ಲಿ ಟೈಪು ಮಾಡುತ್ತಿದ್ದಳು. ಹಿಂದೆ ಬೆಂಚಿನ ಮೇಲೆ ಆರೇಳು ಜನ ಸರದಿ ಕಾಯುತ್ತಿದ್ದರು. ಚಲುವಯ್ಯ ಜೇಬಿನಿಂದ ಕರಡು ತೆಗೆದು ಕೊಟ್ಟ.

"ಏನ್ ಬರ್ದಿದೆ, ಒಂದ್ಸಲ ಓದಮ್ಮ" ಎಂದಳು ಮುನಿಲಕ್ಷ್ಮಮ್ಮ.

ಗೌತಮಿ ಓದಿದಳು. "ಸದರಿ ಸಮಯದಲ್ಲಿ ನನ್ನ ಪತ್ನಿಯು ತೀವ್ರ ಅನಾರೋಗ್ಯದಿಂದ ದೂರದ ತವರೂರಿನಲ್ಲಿದ್ದು, ಫೋಟೋ ತೆಗೆಸಲು ಹಾಜರಾಗಲು ನಿರಾಕರಿಸಿದ ಕಾರಣ..."

"ನಿಲ್ಸಮ್ಮ" ಎಂದಳು ಮುನಿಲಕ್ಷ್ಮಮ್ಮ. ಈಗ ಮೊದಲ ಸಲ ಗಂಡನ ಕಡೆ ತಿರುಗಿದಳು. "ನಂಗೆ ಪಿಂಚಣಿ ಬೇಕು ಕಣ್ರೀ. ನೀವು ಹೋದ್ಮೇಲೆ ನಾನೂ ಉಣ್ಬೇಕಲ್ಲ. ಅದಕ್ಕೆ ಏನು ಬೇಕೋ ಬರ್ಸಿ. ಆದ್ರೆ ನಂಗೆ ಕಾಯಿಲೆ ಇರ್ಲಿಲ್ಲ. ನಾನು ಎಲ್ಗೂ ಹೋಗಿರ್ಲಿಲ್ಲ. ಬರಲ್ಲ ಅಂತಾನೂ ಅನ್ಲಿಲ್ಲ. ನನ್ನನ್ನ ಯಾರೂ ಕರೀಲೇ ಇಲ್ಲ. ಇದೂ ನನ್ನ ತಲೆಗೇ ಕಟ್ಟಬೇಡಿ."

ಬೆಂಚಿನ ಮೇಲಿದ್ದವರು ಮಾತು ನಿಲ್ಲಿಸಿ ಈ ಕಡೆ ನೋಡಿದರು. ಮಿಲಿಟ್ರಿ ತಾತನಿಗೆ ಅಂಗಡಿಯಿಂದ ಎದ್ದು ಓಡಿಹೋಗಬೇಕು ಎನ್ನಿಸಿತು. ಕರ್ನಲ್ ಸಾಹೇಬರ ಮುಂದೆ ನಿಂತಾಗಲೂ ಅವನಿಗೆ ಹೀಗೆ ಬೆವರಿರಲಿಲ್ಲ. ಕರಡನ್ನು ಗೌತಮಿಯ ಕೈಯಿಂದ ತೆಗೆದುಕೊಂಡು ಮತ್ತೆ ಮಡಿಸಿದ.

"ಬರ್ಕೊಳ್ಳಮ್ಮ" ಎಂದ. "ಆ ದಿನ ನನ್ನ ಹೆಂಡ್ತಿ ಮನೇಲೇ ಇದ್ಳು. ಆರೋಗ್ಯವಾಗಿದ್ಳು. ಅವಳ ಮುಖದ ಮೇಲೆ ಬಿಳಿ ಮಚ್ಚೆ ಇತ್ತು. ಅದನ್ನ ನೋಡಿ ಯೂನಿಟ್ಟಲ್ಲಿ ನಗ್ತಾರೆ ಅಂತ ನಾನೇ ಅವಳನ್ನ ಕರ್ಕೊಂಡು ಹೋಗ್ಲಿಲ್ಲ. ಅವಳಿಗೆ ತಿಳಿಸ್ದೆ ಅವಳ ತಂಗೀನ ಕೂರಿಸ್ದೆ. ತಂಗಿಗೂ ಸುಳ್ಳು ಹೇಳ್ದೆ. ತಪ್ಪೆಲ್ಲ ನಂದು."

ಗೌತಮಿಯ ಬೆರಳು ನಡುವೆ ಒಮ್ಮೆ ನಿಂತಿತು. "ಅಜ್ಜಾ, ಇಷ್ಟೆಲ್ಲ ಹಾಕ್ಬೇಕೇನ್ರಿ?" ಎಂದಳು.

"ಹಾಕಮ್ಮ. ಏನು ಕೇಳ್ತಾರೋ ನನ್ನನ್ನೇ ಕೇಳ್ಲಿ. ನಾನಿನ್ನೂ ಇದೀನಲ್ಲ, ಬದುಕಿರೋವಾಗ್ಲೇ ಕೇಳ್ಬಿಡ್ಲಿ."

ಅವಳು ಅದನ್ನೆಲ್ಲ ಬರವಣಿಗೆಯ ಭಾಷೆಗೆ ತಿರುಗಿಸಿ ಟೈಪು ಮಾಡಿ, ಗಟ್ಟಿಯಾಗಿ ಓದಿ ತೋರಿಸಿದಳು. ಮುನಿಲಕ್ಷ್ಮಮ್ಮ ತಲೆಯಾಡಿಸಿದಳು. ಇದಕ್ಕೆ ಅಂಟಿಸಲು ಫೋಟೋ ತನ್ನಿ, ಆಮೇಲೆ ನೋಟರಿ ಸಾಹೇಬರ ಮುಂದೆ ಸಹಿ ಮಾಡುವಿರಂತೆ ಎಂದಳು ಗೌತಮಿ.

ಅಂಗಡಿಯಿಂದ ಹೊರಗೆ ಬಂದಾಗ ಚಲುವಯ್ಯನಿಗೆ ಎದೆ ಹಗುರವಾಗಿತ್ತು. ಏಳು ಜನರ ಮುಂದೆ ಹೇಳಿಬಿಟ್ಟೆನಲ್ಲ ಎಂದು ಒಳಗೊಳಗೇ ಒಂದು ಸಣ್ಣ ಗರ್ವವೂ ಮೂಡಿತ್ತು ಎನ್ನಿ. ಇಂಥವನ ಗರ್ವಕ್ಕೆ ಹೊತ್ತುಗೊತ್ತು ಎಲ್ಲಿಯದು? ರಸ್ತೆ ದಾಟುವಾಗ ಹೆಂಡತಿಯ ಕೈ ಹಿಡಿಯಲು ಹೋದ. ಅವಳು ಚೀಲವನ್ನು ಆ ಕೈಗೆ ಬದಲಾಯಿಸಿಕೊಂಡಳು.

ಸ್ಟುಡಿಯೋ ಇತ್ತು. ಅಹ್ಮದ್ ಪಾಷಾ ತೀರಿಕೊಂಡು ಹತ್ತು ವರ್ಷವಾಗಿತ್ತು. ಈಗ ಮಗ ಮುನೀರ್ ನಡೆಸುತ್ತಿದ್ದ, ನಲವತ್ತು ದಾಟಿದ ನಗುಮುಖದ ಮನುಷ್ಯ. "ಆವೋ ಅಂಕಲ್, ಬನ್ನಿ ಆಂಟಿ. ಪಾಸ್‌ಪೋರ್ಟಾ, ಆಧಾರ್‌ಗಾ?"

"ಮಿಲಿಟ್ರಿ ಜಾಯಿಂಟ್ ಫೋಟೋ. ಆರು ಪ್ರತಿ" ಎಂದ ಚಲುವಯ್ಯ.

"ನಮ್ಮ ಅಬ್ಬಾ ಇದ್ದಾಗ ತುಂಬಾ ಬರ್ತಿತ್ತು ಇದು" ಎಂದು ಮುನೀರ್ ಅವರನ್ನು ಒಳಗೆ ಕರೆದೊಯ್ದ. ಪರದೆ ಹೊಸದು, ದೀಪ ಹೊಸದು. ಬೆಂಚು ಮಾತ್ರ ಅದೇ. ಮುನಿಲಕ್ಷ್ಮಮ್ಮ ಕೂರುವ ಮುನ್ನ ಅದನ್ನೊಮ್ಮೆ ಕೈಯಿಂದ ಸವರಿ ನೋಡಿ, "ಆಂಜಿ ಯಾವ ಕಡೆ ಕೂತಿದ್ಳು?" ಎಂದು ಕೇಳಿದಳು. ಚಲುವಯ್ಯ ಎಡಗಡೆ ತೋರಿಸಿದ. ಅವಳು ಎಡಗಡೆಯೇ ಕೂತಳು. ಮುನೀರ್ ಒಂದು ಸಲ ಕ್ಲಿಕ್ಕಿಸಿ, "ಹೊರಗೆ ಕೂತಿರಿ, ಐದು ನಿಮಿಷ" ಎಂದು ಕಂಪ್ಯೂಟರಿನ ಮುಂದೆ ಕೂತ.

ಐದು ನಿಮಿಷ ಹತ್ತಾಯಿತು. ಮುನೀರ್ ಆರು ಪ್ರತಿಗಳನ್ನು ಕತ್ತರಿಸಿ ತಂದು, ಮೇಲಿನದನ್ನು ಚಲುವಯ್ಯನ ಕೈಗಿಟ್ಟ. ಚಲುವಯ್ಯ ನೋಡಿದ. ಫೋಟೋದಲ್ಲಿ ಮುನಿಲಕ್ಷ್ಮಮ್ಮನ ಮುಖ ಪೂರ್ತಿ ಒಂದೇ ಬಣ್ಣವಾಗಿತ್ತು. ತುಟಿಯ ಬಿಳಿ ಇಲ್ಲ, ಕಣ್ಣಿನ ಸುತ್ತಿನ ಬಿಳಿ ಇಲ್ಲ, ಕೈಬೆರಳೂ ಕಂದು. ಮದುವೆಯ ದಿನದ ಮುಖಕ್ಕೆ ವಯಸ್ಸಾದ ಹಾಗಿತ್ತು. ಅವನ ಎದೆಯಲ್ಲಿ ಥಟ್ಟನೆ ಒಂದು ಸಂತೋಷ ಉಕ್ಕಿತು.

"ಭಾಳ ಚೆನ್ನಾಗಿ ಬಂದಿದೆ" ಎಂದುಬಿಟ್ಟ.

ಹೇಳಿ ತಲೆ ಎತ್ತಿದಾಗ ಮುನಿಲಕ್ಷ್ಮಮ್ಮ ಅವನನ್ನೇ ನೋಡುತ್ತಿದ್ದಳು. ಫೋಟೋವನ್ನಲ್ಲ, ಅವನ ಮುಖವನ್ನು. ಅಲ್ಲಿ ಉಕ್ಕಿದ್ದನ್ನು ಅವಳು ಪೂರ್ತಿ ನೋಡಿಯಾಗಿತ್ತು. ಕೈ ನೀಡಿ ಫೋಟೋ ತೆಗೆದುಕೊಂಡು, ದೂರ ಹಿಡಿದು ನೋಡಿ, ಅವನಿಗೆ ವಾಪಸ್ ಕೊಟ್ಟಳು.

"ಇವ್ಳು ಯಾರ್ರೀ?" ಎಂದು ಕೇಳಿದಳು.

ಚಲುವಯ್ಯ ಫೋಟೋವನ್ನು ಕೈಯಲ್ಲೇ ಮಗುಚಿದ. ಈಗ ತಾನೇ ಏಳು ಜನರ ಮುಂದೆ ತಪ್ಪೆಲ್ಲ ನನ್ನದು ಎಂದು ಬರೆಸಿ ಬಂದವನು, ಅರ್ಧ ಗಂಟೆಯೊಳಗೆ ಅದೇ ಬೆಂಚಿನ ಹತ್ತಿರ, ಅದೇ ತಪ್ಪನ್ನು ಇನ್ನೊಮ್ಮೆ ಮಾಡಿದ್ದ. ಅಂದಾದರೆ ಗುಮಾಸ್ತ ನಗುತ್ತಾನೆಂಬ ಹೆದರಿಕೆಯಿತ್ತು. ಇಂದು ಯಾವ ಗುಮಾಸ್ತನೂ ಇರಲಿಲ್ಲ. ಇಂದಿನ ಸಂತೋಷ ಯಾರ ಹೆದರಿಕೆಯದೂ ಅಲ್ಲ, ಅವನದೇ.

ಮುನೀರ್‌ಗೆ ಏನೂ ತಿಳಿಯಲಿಲ್ಲ. "ಆಂಟಿ, ಅದು ನಾನು ಕ್ಲೀನ್ ಮಾಡಿದೀನಿ. ಎಕ್ಸ್ಟ್ರಾ ಏನೂ ಇಲ್ಲ, ಎಲ್ಲರಿಗೂ ಹಂಗೇ ಮಾಡ್ತೀನಿ, ಖುಷಿ ಪಡ್ತಾರೆ" ಎಂದ.

"ನೀನು ಒಳ್ಳೇದಕ್ಕೇ ಮಾಡಿದೀಯಪ್ಪ" ಎಂದ ಚಲುವಯ್ಯ. "ಆದ್ರೆ ಆ ಬಿಳೀದೆಲ್ಲ ಇರ್ಬೇಕು. ವಾಪಸ್ ಹಾಕು."

"ವಾಪಸ್ ಹೆಂಗೆ ಅಂಕಲ್? ಅದರ ಮೇಲೇ ಸೇವ್ ಮಾಡ್ಬಿಟ್ಟೆ. ಇನ್ನೊಂದು ತೆಗೀಬೇಕಾಗ್ತದೆ."

"ತೆಗಿ."

ಮುನಿಲಕ್ಷ್ಮಮ್ಮ ಎದ್ದಳು. ಒಳಗಿನ ಕನ್ನಡಿಯ ಮುಂದೆ ನಿಂತು, ಬೆಳಗ್ಗೆ ಹಚ್ಚಿಕೊಂಡಿದ್ದ ಪೌಡರನ್ನು ಒದ್ದೆ ಸೆರಗಿನಿಂದ ಹಣೆ, ಕೆನ್ನೆ, ಗಲ್ಲ ಎಂದು ತಿಕ್ಕಿ ತೆಗೆದಳು. ಮಚ್ಚೆಗಳು ಚೆನ್ನಾಗಿ ಎದ್ದು ಕಂಡವು. ಬಂದು ಎಡಗಡೆ ಕೂತು, ಕೈ ಎರಡನ್ನೂ ಬೆರಳು ಕಾಣುವಂತೆ ಮಡಿಲ ಮೇಲಿಟ್ಟುಕೊಂಡಳು. ಚಲುವಯ್ಯ ಪಕ್ಕದಲ್ಲಿ ಕೂತ.

"ಅಂಕಲ್, ತಲೆ ಎತ್ತಿ" ಎಂದ ಮುನೀರ್.

ಚಲುವಯ್ಯ ಎತ್ತಲು ನೋಡಿದ. ಆಗಲಿಲ್ಲ. ದೀಪ ಹೊಳೆಯಿತು. ಮುನೀರ್ ಕ್ಯಾಮೆರಾದ ಪರದೆ ನೋಡಿ, "ಕಣ್ಣು ಕೆಳಗಿದೆ, ಇದು ನಡಿಯಲ್ಲ. ಇನ್ನೊಂದ್ಸಲ, ತಲೆ ಎತ್ತಿ ಅಂಕಲ್" ಎಂದ. ಇಪ್ಪತ್ತನಾಲ್ಕು ವರ್ಷ ಮೈದಾನದಲ್ಲಿ ನಿಂತು ನೂರಾರು ಹುಡುಗರಿಗೆ ತಲೆ ಎತ್ತಿ, ಎದೆ ಮುಂದೆ ಎಂದು ಕೂಗಿದ ಹವಾಲ್ದಾರನಿಗೆ ತನ್ನ ಒಂದು ತಲೆಯನ್ನು ಎತ್ತಲಾಗಲಿಲ್ಲ. ಎರಡನೆಯದೂ ಕೆಟ್ಟಿತು.

ಮುನಿಲಕ್ಷ್ಮಮ್ಮ ಕ್ಯಾಮೆರಾದ ಮೇಲಿನ ಕಣ್ಣು ಕದಲಿಸದೆ ಹೇಳಿದಳು.

"ತಲೆ ಎತ್ರಿ. ನನ್ನ ಪಕ್ಕ ಕೂತೋನು ಯಾರು ಅಂತ ಪಿಂಚಣಿ ಸಾಹೇಬ್ರಿಗೂ ಕಾಣ್ಲಿ."

ಚಲುವಯ್ಯ ತಲೆ ಎತ್ತಿದ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಎತ್ತಲಿಲ್ಲ. ಮುನೀರ್ ಸ್ವಲ್ಪ ಹೊತ್ತು ಕಾದು, ಬಟನ್ ಒತ್ತಿದ.